ಮಳೆಗಾಲದ ಬುಕಿಂಗ್ ರೂಲ್ಸ್ ಬದಲಾಗಿದೆ, ದಯವಿಟ್ಟು ಓದಿ

ಗೋಕರ್ಣದಿಂದ ನಮಸ್ಕಾರ,

ನಮ್ಮ ಹೋಮ್‌ಸ್ಟೇಗೆ ಮೊದ್ಲಿಂದ ಬರ್ತಿರೋರಿಗೂ ಈ ಸಲ ಹೊಸದಾಗಿ ಕೇಳ್ತಿರೋರಿಗೂ ಒಟ್ಟಿಗೇ ಹೇಳ್ಬಿಡ್ತೀವಿ. ಜೂನ್‌ನಿಂದ ಸೆಪ್ಟೆಂಬರ್ ಕೊನೇವರೆಗೆ ಇನ್ಮೇಲೆ ಒಂದು ರಾತ್ರಿ ಬುಕಿಂಗ್ ಇಲ್ಲ. ಕಮ್ಮಿ ಅಂದ್ರೂ 3 ರಾತ್ರಿ ಇರ್ಬೇಕು, ಪೂರ್ತಿ ವಾರ ಇರ್ತೀವಿ ಅಂದ್ರೆ ರೂಮ್ ರೇಟು ಡಿಸೆಂಬರ್‌ದಕ್ಕಿಂತ ಅರ್ಧ. ಬೀಚ್ ಪ್ಯಾಕೇಜ್ ಅಂತ ಕೊಡ್ತಿದ್ವಲ್ಲ, ಅದು ಈ 4 ತಿಂಗಳು ಬಂದ್.

ಶನಿವಾರದ ಬಿಸ್ನೆಸ್ ಯಾಕೆ ಬಿಡ್ತೀರಿ ಅಂತ ಸುಮಾರು ಜನ ಕೇಳಿದ್ರು. ನೋಡಿ, ರಾತ್ರಿಯೆಲ್ಲಾ ಬೆಂಗಳೂರಿಂದ ಗಾಡಿ ಓಡಿಸ್ಕೊಂಡು ಮಳೇಲಿ ಘಾಟಿ ಇಳಿದು ಬಂದೋರಿಗೆ ಕೈಲಿರೋದು ಒಂದೇ ದಿನ, ಅಷ್ಟು ದೂರದಿಂದ ಬಂದು ನೀರು ಮುಟ್ಟದೆ ವಾಪಸ್ ಹೋಗೋಕೆ ಯಾರಿಗೂ ಮನಸ್ಸು ಬರಲ್ಲ, ಬರೀ ಮೊಣಕಾಲವರೆಗೆ ಅಣ್ಣಾ ಅಂತಾರೆ. ಜುಲೈ ಸಮುದ್ರದ ಹತ್ರ ಮೊಣಕಾಲು ಸೊಂಟ ಅನ್ನೋ ಲೆಕ್ಕವೇ ನಡೆಯಲ್ಲ. ಅಲೆ ವಾಪಸ್ ಹೋಗ್ವಾಗ ಕಾಲಡಿ ಮರಳನ್ನೂ ಎಳ್ಕೊಂಡು ಹೋಗುತ್ತೆ, ಈಜು ಬರುತ್ತೆ ಅನ್ನೋರಿಗೂ ಅಷ್ಟೇ. 3 ದಿನ ಇರೋರಿಗೆ ಆ ಅವಸರ ಇರಲ್ಲ, ಎರಡನೇ ದಿನಕ್ಕೆ ತಾವೇ ಜಗಲಿ ಮೇಲೆ ಕೂತು ಚಹಾ ಕೇಳ್ತಾರೆ. ಕುಡ್ಲೆ, ಓಂ ಬೀಚ್ ಎರಡನ್ನೂ ಮೇಲಿಂದ ನೋಡಿ, ಸಾಕು. ಹಾಫ್ ಮೂನ್, ಪ್ಯಾರಡೈಸ್ ಕಡೆ ಬೋಟ್ ಇರಲ್ಲ, ಗುಡ್ಡದ ದಾರೀಲಿ ಕಲ್ಲೆಲ್ಲಾ ಪಾಚಿ ಕಟ್ಟಿರುತ್ತೆ, ನಾವು ಕರ್ಕೊಂಡು ಹೋಗಲ್ಲ.

ಇನ್ನು ರೀಫಂಡ್. 2024ರ ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ಮೇಲೇ ಬಂತು, ಎಷ್ಟೋ ಜೀವ ಹೋಯ್ತು, ಅದೇ ತಿಂಗಳ ಕೊನೇಲಿ ಸಕಲೇಶಪುರ ಸುಬ್ರಹ್ಮಣ್ಯ ನಡುವೆ ಹಳಿ ಹತ್ರ ಮಣ್ಣು ಜಾರಿ ಬೆಂಗಳೂರು ಟ್ರೈನೂ ನಿಂತ್ವು. ಅಡ್ವಾನ್ಸ್ ದುಡ್ಡು ಹೋಗುತ್ತಲ್ಲಾ ಅಂತ ಯಾರೂ ಅಂಥಾ ರಸ್ತೇಲಿ ಹೊರಡಬಾರ್ದು. ಹಾಗಾಗಿ ನೀವು ಹೊರಡೋ ದಿನ ಉತ್ತರ ಕನ್ನಡಕ್ಕೆ ರೆಡ್ ಅಲರ್ಟ್ ಇದ್ರೆ, ಅಂದ್ರೆ 24 ಗಂಟೇಲಿ 204.5 ಮಿ.ಮೀ. ಮೀರಿ ಮಳೆ ಬರೋ ಚಾನ್ಸ್ ಅಂತ ಹವಾಮಾನ ಇಲಾಖೆ ಹೇಳಿದ್ರೆ, ಪೂರ್ತಿ ದುಡ್ಡು ವಾಪಸ್, ಇಲ್ಲಾ ಡೇಟ್ ಬದಲಾಯಿಸ್ಕೊಳ್ಳಿ. ಆಮೇಲೆ ಮಳೆನೇ ಬರ್ಲಿಲ್ಲ ಅಂತಾದ್ರೂ ನಾವು ಮಾತು ತಪ್ಪಲ್ಲ. ಆರೆಂಜ್ ಅಲರ್ಟ್‌ಗೆ ರೀಫಂಡ್ ಇಲ್ಲ, ಡೇಟ್ ಮಾತ್ರ ಮುಂದಕ್ಕೆ ಹಾಕ್ತೀವಿ. ಟ್ರೈನಲ್ಲಿ ಬರೋರು ಕೊಂಕಣ ರೈಲ್ವೆಯ ಮಳೆಗಾಲದ ಟೈಮಿಂಗ್ ನೋಡ್ಕೊಳ್ಳಿ, ಗಾಡಿ ನಿಧಾನ ಓಡಿಸ್ತಾರೆ.

ಊಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟಿನ ಮೀನುಗಾರಿಕೆ ನಿಷೇಧ, ಮೀನು ಮೊಟ್ಟೆಯಿಟ್ಟು ಮರಿ ಮಾಡೋ ಕಾಲ ಅದು. ನಾಡದೋಣಿಯೋರು ತಂದಿದ್ದು ಸಿಕ್ಕಿದ್ರೆ ಮೀನು, ಇಲ್ಲಾಂದ್ರೆ ಇಲ್ಲ, ಐಸಲ್ಲಿ ಇಟ್ಟ ಹಳೇದನ್ನ ತಾಜಾ ಅಂತ ಬಡಿಸೋಕೆ ನಮಗೆ ಬರಲ್ಲ. ಅದರ ಬದ್ಲು ಕುಚ್ಚಲಕ್ಕಿ ಗಂಜಿ, ಒಣ ಶೆಟ್ಲಿ (ಸಿಗಡಿ) ಚಟ್ನಿ, ಕೆಸುವಿನ ಎಲೆ ಪತ್ರೊಡೆ, ಕಳಲೆ (ಎಳೆ ಬಿದಿರು) ಪಲ್ಯ, ಹಲಸಿನ ಹಪ್ಪಳ. ನಮ್ಮ ಕೇಳಿದ್ರೆ ಡಿಸೆಂಬರ್ ಊಟಕ್ಕಿಂತ ಇದೇ ವಾಸಿ.

ಮಳೆ ಬಿಟ್ಟ ಹೊತ್ತಲ್ಲಿ ಮಿರ್ಜಾನ್ ಕೋಟೆಗೆ ಕರ್ಕೊಂಡು ಹೋಗ್ತೀವಿ, ಗೋಡೆ ತುಂಬಾ ಹಸಿರು. ಅಘನಾಶಿನಿ ಹೊಳೆ ಪಕ್ಕದ ಗಜನಿ, ಅಂದ್ರೆ ಉಪ್ಪುನೀರು ನುಗ್ಗೋ ತಗ್ಗು ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆದಿರುತ್ತೆ, ಸಾಣಿಕಟ್ಟೆಯ ಉಪ್ಪು ತೆಗೆಯೋ ಗದ್ದೆ ಮಾತ್ರ ಮಳೆಗಾಲದಲ್ಲಿ ಬರೀ ನೀರು. ಯಾಣ ಬೇಕು ಅನ್ನೋರು ಉಂಬಳಕ್ಕೆ (ಜಿಗಣೆ) ರೆಡಿ ಇರಿ.

ಕರೆಂಟ್ ಹೋಗ್ತಾ ಬರ್ತಾ ಇರುತ್ತೆ. ಇನ್ವರ್ಟರಲ್ಲಿ ಲೈಟು ಫ್ಯಾನು ನಡೆಯುತ್ತೆ, ವೈಫೈ ಗ್ಯಾರಂಟಿ ಕೊಡಲ್ಲ, ವರ್ಕ್ ಫ್ರಮ್ ಹೋಮ್ ಪ್ಲಾನ್ ಇದ್ರೆ ಬೇರೆ ಕಡೆ ನೋಡಿ. ಬಟ್ಟೆ 2 ಜೊತೆ ಜಾಸ್ತಿ ತನ್ನಿ, ಇಲ್ಲಿ ಒಣಗಲ್ಲ.

ಈಗಾಗ್ಲೇ ಒಂದು ರಾತ್ರಿಗೆ ಅಡ್ವಾನ್ಸ್ ಕೊಟ್ಟಿರೋರಿಗೆ ಎರಡು ದಾರಿ ಇದೆ: ಅದೇ ದುಡ್ಡನ್ನ ಅಕ್ಟೋಬರ್ ನಂತರಕ್ಕೆ ಹಾಕ್ಕೊಳ್ಳಬಹುದು, ಇಲ್ಲಾ ವಾಪಸ್ ತಗೋಬಹುದು. ಯಾವುದು ಅಂತ ಮೇ ಮುಗಿಯೋದ್ರೊಳಗೆ ವಾಟ್ಸಾಪ್ ಮಾಡಿ.