ಶನಿವಾರದ ಟೇಬಲ್: ಗುಲಾಮ ಜೋಡಿ, ಎದುರಿಗೆ ಮೂವರು

ಎಲ್ಲರ ಗಮನಕ್ಕೆ. ಟೆಕ್ಸಸ್ ಹೋಲ್ಡೆಮ್ ಪೋಕರ್‌ನಲ್ಲಿ ನಿಮ್ಮ ಕೈಯಲ್ಲಿ ಜೋಡಿ ಗುಲಾಮ, ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಹಣ) 10-20, ಮೂವರು ಬರೀ 20 ಹಾಕಿ ಒಳಗೆ ಬಂದಿದ್ದಾರೆ ಎಂದುಕೊಳ್ಳಿ. 60ಕ್ಕೆ ಏರಿಸಿದರೆ ಯಾರೂ ಎಲೆ ಎಸೆದು ಹೊರಹೋಗುವುದಿಲ್ಲ. ಬಿಗ್ ಬ್ಲೈಂಡ್‌ನ (20) ಮೂರು ಪಟ್ಟು, ಜೊತೆಗೆ ಒಳಗೆ ಬಂದವರ ತಲೆಗೊಂದು ಬಿಗ್ ಬ್ಲೈಂಡ್ ಸೇರಿಸಿ ಏರಿಸಿ: ಅಂದರೆ 120. ಎಕ್ಕದ ಜೋಡಿಯೇ ಒಬ್ಬರ ಎದುರು ಸುಮಾರು 85% ಗೆದ್ದರೆ, ನಾಲ್ವರ ಎದುರು 56%ಕ್ಕೆ ಇಳಿಯುತ್ತದೆ. ಗುಲಾಮನ ಪಾಡು ಕೇಳಲೇಬೇಡಿ.

ಮೂವರೂ ಕಾಲ್ ಮಾಡಿ (ಅಷ್ಟೇ ಹಣ ಹಾಕಿ), ಬ್ಲೈಂಡ್‌ನವರು ಎಲೆ ಎಸೆದರೆ ಪಾಟ್ (ನಡುವೆ ಸೇರಿದ ಒಟ್ಟು ಹಣ) 510. ಫ್ಲಾಪ್ (ಟೇಬಲ್ ಮೇಲೆ ತೆರೆಯುವ ಮೊದಲ ಮೂರು ಎಲೆ) 9-8-4, ಅದರಲ್ಲಿ ಎರಡು ಆಟೀನ್. ಇಲ್ಲಿ ಅರ್ಧ ಪಾಟ್ ಬೆಟ್ ಸಾಲದು. 250 ಹಾಕಿ ಒಬ್ಬರು ಕಾಲ್ ಮಾಡಿದರೆ, ಎರಡನೆಯವರಿಗೆ ಗೆಲ್ಲುವ ಸಾಧ್ಯತೆ 20% ಇದ್ದರೂ ಕಾಲ್ ಮಾಡಲು ಸಾಕು. ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆಗೆ) ಕಾಯುವವರಿಗೆ ಮುಂದಿನ ಎಲೆಯಲ್ಲೇ 19%, ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 350 ಹಾಕಿದರೆ ಅವರಿಗೆ 22% ಬೇಕು, ಲೆಕ್ಕ ತಪ್ಪುತ್ತದೆ.

ಟರ್ನ್‌ನಲ್ಲಿ (ಟೇಬಲ್ ಮೇಲಿನ ನಾಲ್ಕನೆಯ ಎಲೆ) ಆಟೀನ್, 7, 10 ಅಥವಾ ರಾಣಿಯಿಂದ ಮೇಲಿನದು ಬಿದ್ದರೆ ಚೆಕ್ ಮಾಡಿ (ಬೆಟ್ ಹಾಕದೆ ಬಿಡಿ).

ಇನ್ನೊಂದು: ಫ್ಲಾಪ್‌ನಲ್ಲಿ ನಿಮ್ಮ ಬೆಟ್‌ಗೆ ಒಬ್ಬರು ಕಾಲ್, ಇನ್ನೊಬ್ಬರು ದೊಡ್ಡದಾಗಿ ಏರಿಸಿದರೆ ಅವರ ಬಳಿ ಇರುವುದು ಬಹುಪಾಲು ಎರಡು ಜೋಡಿ ಅಥವಾ ಸೆಟ್ (ಒಂದೇ ಅಂಕಿಯ ಮೂರು ಎಲೆ). ಇಬ್ಬರ ಎದುರು ಸುಳ್ಳಾಡುವ ಧೈರ್ಯ ನಮ್ಮ ಟೇಬಲ್‌ನಲ್ಲಿ ಕಮ್ಮಿ. ಗುಲಾಮನ ಮೇಲೆ ಮೋಹ ಬೇಡ, ಎಸೆಯಿರಿ.