ದಾವೆ ವೆಚ್ಚ: ಡಿಕ್ರಿಯ ಕೊನೆಯ ಪಟ್ಟಿ ನೋಡಿದಿರಾ?

ಮಾನ್ಯ ಸಂಪಾದಕರೇ,

ಬದು ಒತ್ತುವರಿ, ಕಾಂಪೌಂಡ್ ಗೋಡೆ, ಪಕ್ಕದ ಮನೆಯ ಸಜ್ಜಾದಿಂದ ಸುರಿಯುವ ಮಳೆನೀರು. ಇಂಥ ನೆರೆಹೊರೆ ದಾವೆಗಳಲ್ಲಿ ಗೆದ್ದವರು ತೀರ್ಪಿನ ‘ವೆಚ್ಚ ಸಹಿತ’ ಎಂಬ ಮಾತು ಕೇಳಿ ಸಮಾಧಾನದಿಂದ ಮನೆಗೆ ಹೋಗುತ್ತಾರೆ. ವಸೂಲಿ ಮಾಡಬೇಕಾದ ಮೊತ್ತ ಇರುವುದು ಡಿಕ್ರಿಯ (ತೀರ್ಪಿನ ಮೇಲೆ ಕೋರ್ಟ್ ಬರೆದು ಕೊಡುವ ಅಧಿಕೃತ ಆದೇಶದ) ಕೊನೆಯ ವೆಚ್ಚದ ಪಟ್ಟಿಯಲ್ಲಿ. ಅದನ್ನು ಓದುವವರು ಕಡಿಮೆ.

ದೃಢೀಕೃತ ನಕಲು ಕೈಗೆ ಬಂದ ದಿನವೇ ನೋಡಿ. ಕೋರ್ಟ್ ಶುಲ್ಕ, ಪ್ರೊಸೆಸ್ ಶುಲ್ಕ (ಸಮನ್ಸ್, ನೋಟಿಸ್ ಜಾರಿಗೆ ಕಟ್ಟುವುದು), ಸಾಕ್ಷಿ ಭತ್ಯೆ, ಕೋರ್ಟ್ ನೇಮಿಸಿದ ಕಮಿಷನರ್ ಶುಲ್ಕ, ವಕೀಲರ ಶುಲ್ಕ ಬೇರೆಬೇರೆ ಸಾಲಿನಲ್ಲಿ ಇರಬೇಕು. ಶುಲ್ಕದ ಪ್ರಮಾಣಪತ್ರವಾಗಲಿ ಖರ್ಚಿನ ಮೆಮೊ ಆಗಲಿ ವೇಳೆಗೆ ಕಡತ ಸೇರದಿದ್ದರೆ ಆ ಅಂಕಣ ಖಾಲಿ ಉಳಿಯುತ್ತದೆ. ಗಡಿ ತಕರಾರಿನಲ್ಲಿ ಅಳತೆಗೆ ಬಂದ ಕಮಿಷನರಿಗೆ ಕಟ್ಟಿದ ಹಣ ಸಣ್ಣದಲ್ಲ, ಅದರ ರಸೀದಿ ಕಳೆದುಕೊಳ್ಳಬೇಡಿ. ಕೂಡಿಕೆಯಲ್ಲೋ ಬರವಣಿಗೆಯಲ್ಲೋ ಕೈತಪ್ಪಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 152ರಡಿ ತಿದ್ದಿಸಿಕೊಳ್ಳಬಹುದು.

‘ಅಕ್ಕಪಕ್ಕದವರಾದ್ದರಿಂದ ಅವರವರ ವೆಚ್ಚ ಅವರವರಿಗೆ’ ಎಂದು ಬರೆಯುವ ರೂಢಿಯೂ ಇದೆ. ಸೋತವರು ವೆಚ್ಚ ಕೊಡಬೇಕಿಲ್ಲ ಎನ್ನುವುದಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕು ಎನ್ನುತ್ತದೆ ಕಲಂ 35(2). ಸುಳ್ಳು ಹಕ್ಕು ಹೂಡಿ ವರ್ಷಗಟ್ಟಲೆ ಅಲೆದಾಡಿಸಿದವನಿಗೆ ನೆರೆಯವನೆಂಬುದೇ ರಿಯಾಯಿತಿ ಆಗುವುದು ನ್ಯಾಯವಲ್ಲ. ನ್ಯಾಯಾಧೀಶರು ಈ ಸಾಲನ್ನು ಬರೆಯುವ ಮುನ್ನ ಒಮ್ಮೆ ನಿಲ್ಲಬೇಕೆಂದು ವಿನಂತಿ.

ವಿಚಾರಣೆ ಮುಂದೂಡಿದ್ದಕ್ಕೆ ವಿಧಿಸಿದ ವೆಚ್ಚದ ದಾರಿ ಬೇರೆ. ಕಲಂ 35ಬಿ ಪ್ರಕಾರ ಅದು ಬಾಕಿ ಉಳಿದರೆ ಪ್ರತ್ಯೇಕ ಆದೇಶ ಹೊರಡಿಸಬೇಕು, ಆ ಆದೇಶವನ್ನೇ ಜಾರಿಗೆ ಹಾಕಬಹುದು.

ಎದುರುಪಕ್ಷ ಮೇಲ್ಮನವಿ ಹಾಕಿದೆ ಎಂದು ಕೈಕಟ್ಟಿ ಕೂರಬೇಕಿಲ್ಲ. ತಡೆಯಾಜ್ಞೆ ಇಲ್ಲದಿದ್ದರೆ ಡಿಕ್ರಿ ಜಾರಿಯಲ್ಲೇ ಇರುತ್ತದೆ (ಅದೇ ಸಂಹಿತೆಯ ಆದೇಶ 41 ನಿಯಮ 5). ಡಿಕ್ರಿಯನ್ನು ಜಾರಿ ಮಾಡಿಸಿಕೊಳ್ಳುವ ಅಮಲ್ಜಾರಿ ಅರ್ಜಿಗೆ 12 ವರ್ಷ ಕಾಲಾವಕಾಶವಿದೆ ನಿಜ. ಆದರೆ 2 ವರ್ಷ ದಾಟಿದರೆ ಎದುರಾಳಿಗೆ ಆದೇಶ 21 ನಿಯಮ 22ರ ನೋಟಿಸ್ ಬೇಕು, ಆ ನೋಟಿಸ್ ಜಾರಿಯಾಗುವುದರಲ್ಲೇ ತಿಂಗಳುಗಳು ಹೋಗುತ್ತವೆ. ಅಷ್ಟರಲ್ಲಿ ಎದುರಾಳಿ ತೀರಿಕೊಂಡರೆ ವಾರಸುದಾರರನ್ನು ಸೇರಿಸಬೇಕು. ಅವರ ಹೊಣೆಯೂ ಅವರ ಕೈಗೆ ಬಂದ ಮೃತರ ಆಸ್ತಿಯ ಮಟ್ಟಿಗೆ ಮಾತ್ರ.

ಅರ್ಜಿ ಕೆಡುವುದು ಹೆಚ್ಚಾಗಿ ‘ಚರ ಸ್ವತ್ತು ಜಪ್ತಿ ಮಾಡಿ’ ಎಂಬ ಒಂದೇ ಸಾಲಿನ ಕೋರಿಕೆಯಿಂದ. ಅಮೀನರು (ಜಪ್ತಿಗೆ ಹೋಗುವ ಕೋರ್ಟ್ ನೌಕರರು) ಹೋಗಿ ಬರಿಗೈಲಿ ಬರುತ್ತಾರೆ. ಅಡುಗೆ ಪಾತ್ರೆ, ಹಾಸಿಗೆ, ಉಟ್ಟ ಬಟ್ಟೆ, ಕಸುಬಿನ ಉಪಕರಣ, ರೈತನ ನೇಗಿಲು, ಎತ್ತು, ಬಿತ್ತನೆ ಬೀಜ, ಅವನು ವಾಸವಿರುವ ಮನೆ ಇವನ್ನೆಲ್ಲ ಮುಟ್ಟದಂತೆ ಕಲಂ 60 ಕಾಯುತ್ತದೆ, ಕಾಯಲೂ ಬೇಕು. ಡಿಕ್ರಿ ಹಣ 30 ದಿನ ಬಾಕಿ ಉಳಿದ ಮೇಲೆ ಆದೇಶ 21 ನಿಯಮ 41ರಡಿ ಎದುರಾಳಿಯಿಂದ ಆಸ್ತಿ ವಿವರದ ಪ್ರಮಾಣಪತ್ರ (ಅಫಿಡವಿಟ್) ಕೇಳಿ. ಕೋರ್ಟ್ ಆದೇಶಿಸಿದರೂ ಕೊಡದವರಿಗೆ 3 ತಿಂಗಳವರೆಗೆ ಸಿವಿಲ್ ಬಂಧನ ಆಗಬಹುದು. ಬ್ಯಾಂಕ್ ಖಾತೆ, ಸಂಬಳ, ಬಾಡಿಗೆಯ ಸುಳಿವು ಸಿಗುವುದು ಅಲ್ಲೇ. ಸಂಬಳದಲ್ಲಿ ಮೊದಲ 1,000 ರೂಪಾಯಿ, ಉಳಿದದ್ದರ ಮೂರನೇ ಎರಡು ಭಾಗ ಬಿಡಬೇಕು. ಅಂದರೆ ಜಪ್ತಿಯ ಲೆಕ್ಕಕ್ಕೆ ಬರುವ ಸಂಬಳ 31,000 ಇದ್ದರೆ ತಿಂಗಳಿಗೆ 10,000 ಹಿಡಿಯಬಹುದು. ಹದಿನೈದು ಸಾವಿರದ ವೆಚ್ಚಕ್ಕೆ ಜಮೀನು ಹರಾಜಿಗಿಂತ ಇದು ಎಷ್ಟೋ ಮೇಲು.

ಬಂಧನದ ಬೆದರಿಕೆ ಎಲ್ಲಕ್ಕೂ ಮದ್ದಲ್ಲ. ಹಣದ ಡಿಕ್ರಿಗೆ ಮಹಿಳೆಯರನ್ನು ಬಂಧಿಸುವಂತಿಲ್ಲ. ಮೊತ್ತ 2,000 ರೂಪಾಯಿ ಮೀರದಿದ್ದರೆ ಯಾರನ್ನೂ ಸೆರೆಯಲ್ಲಿಡುವಂತಿಲ್ಲ. ಶಕ್ತಿಯಿದ್ದೂ ಕೊಡುತ್ತಿಲ್ಲ ಎಂಬುದನ್ನು ತೋರಿಸಬೇಕು, ಬಂಧಿತರ ಊಟದ ಭತ್ಯೆಯನ್ನೂ ಡಿಕ್ರಿದಾರರೇ (ಗೆದ್ದವರೇ) ಕಟ್ಟಬೇಕು.

ಬೆಂಗಳೂರಿನ ಆಸ್ತಿಯೊಂದರ ಪ್ರಕರಣದಲ್ಲೇ 2021ರಲ್ಲಿ ಸುಪ್ರೀಂ ಕೋರ್ಟ್, ಅಮಲ್ಜಾರಿ ಅರ್ಜಿಗಳನ್ನು 6 ತಿಂಗಳಲ್ಲಿ ಮುಗಿಸಬೇಕೆಂದು ಹೇಳಿತು. ಮುಂದಿನ ದಿನಾಂಕ ಕೇಳುವಾಗ ವಕೀಲರು ಅದನ್ನು ನೆನಪಿಸಲಿ.

ಸೋತವರಿಗೂ ಒಂದು ಮಾತು. ಬೇಲಿಯಾಚೆ ನಿಂತು ನಗದು ಕೊಟ್ಟು ಬರಬೇಡಿ. ಬ್ಯಾಂಕ್ ಮೂಲಕ ಕೊಡಿ, ಇಲ್ಲವೇ ಕೋರ್ಟಿನಲ್ಲೇ ಕಟ್ಟಿ. ಹೊರಗೆ ಕೊಟ್ಟಿದ್ದರೆ 30 ದಿನದೊಳಗೆ ಆದೇಶ 21 ನಿಯಮ 2ರಡಿ ದಾಖಲಿಸಲು ಅರ್ಜಿ ಹಾಕಿ. ದಾಖಲಾಗದ ಪಾವತಿಯನ್ನು ಜಾರಿ ನ್ಯಾಯಾಲಯ ಒಪ್ಪುವುದಿಲ್ಲ, ಅದೇ ಹಣವನ್ನು ಎರಡನೇ ಸಲ ಕಟ್ಟಬೇಕಾಗುತ್ತದೆ.

— ಸಿವಿಲ್ ವಕೀಲರೊಬ್ಬರು, ತುಮಕೂರು