ಓದಿ ಸೈನ್ ಹಾಕು, ಪುಟ್ಟಿ

ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. "ಎಲ್ಲಿ ಸೈನ್ ಹಾಕ್ಬೇಕು ಹೇಳಿ ಅಪ್ಪ, ಬಂದು ಹಾಕ್ತೀನಿ. ನನಗೇನೂ ಬೇಡ" ಅಂದೆ. ಪ್ರೀತಿಯಿಂದಲೇ ಅಂದೆ, ಗೊತ್ತು. ಆದರೂ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಫೋನಿನಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಮಾರಲು ಇಷ್ಟು ದಿನ ಬೇಕಾ ಅಂತ ನೀನು ಕೇಳುತ್ತಲೇ ಇದ್ದೀಯ. ಮಾರೋಣ ಅಂತ ನಿರ್ಧಾರ ಮಾಡಿ ಎರಡು ಮಳೆಗಾಲ ಕಳೆಯಿತು. ಅಮ್ಮನ ಮಂಡಿಗೆ ಪಾಚಿ ಕಟ್ಟಿದ ಈ ಅಂಗಳ ಇನ್ನು ಆಗುವುದಿಲ್ಲ. ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಹತ್ತಿರ ಒಂದು ಸಣ್ಣ ಮನೆ ಸಿಕ್ಕರೆ ಸಾಕು ಅಂದುಕೊಂಡೆವು. ಅಷ್ಟು ಸುಲಭ ಅಂತ ನಾನೂ ನಂಬಿದ್ದೆ.

ಮೊದಲು ನೋಡಲು ಬಂದವರು ನಡುಮನೆಗೆ ಕಾಲಿಡಲೇ ಇಲ್ಲ. ಜಗಲಿಯಲ್ಲಿ ನಿಂತು ಬೆರಳ ಗೆಣ್ಣಿನಿಂದ ಕಂಬ ಕುಟ್ಟಿ, ಕಿವಿಗೊಟ್ಟು ಕೇಳಿದರು. "ಹಲಸಾ? ಒಟ್ಟು ಎಷ್ಟು ಕಂಬ ಇದಾವೆ?" ಆಮೇಲೆ ಬಾಗಿಲಿನ ಚೌಕಟ್ಟು ಅಳೆದರು. ಅವರಿಗೆ ಬೇಕಾಗಿದ್ದು ಮನೆಯಲ್ಲ, ಮರ. ಬಿಚ್ಚಿಕೊಂಡು ಹೋಗಿ ರೆಸಾರ್ಟಿಗೆ ಜೋಡಿಸುತ್ತಾರಂತೆ. ಅವರು ಕುಟ್ಟಿದ್ದು ಯಾವ ಕಂಬ ಗೊತ್ತಾ? ಅಜ್ಜಿ ಎಲೆಅಡಿಕೆ ಹಾಕಿಕೊಂಡು, ಬೆರಳಲ್ಲಿ ಉಳಿದ ಸುಣ್ಣವನ್ನು ಒರೆಸುತ್ತಿದ್ದ ಕಂಬ. ಆ ಬಿಳಿ ಕಲೆ ಇನ್ನೂ ಇದೆ. ಒಂದರ ಮೇಲೊಂದು ಕೂತು ಈಗ ಬೆರಳಿಗೆ ತಡೆಯುವಷ್ಟು ದಪ್ಪ ಆಗಿದೆ. ಕೊಡುವುದಿಲ್ಲ ಅಂದುಬಿಟ್ಟೆ. ಒಳ್ಳೆಯ ರೇಟು ಬಿಟ್ಟೆ ಅಂತ ನಿನ್ನ ಚಿಕ್ಕಪ್ಪನಿಗೆ ಇವತ್ತಿಗೂ ಸಿಟ್ಟು.

ಆ ಕಡೆ ಶಿವಮೊಗ್ಗದಲ್ಲಿ ಊರಂಚಿನ ಒಂದು ಮನೆಗೆ 2 ಲಕ್ಷ ಅಡ್ವಾನ್ಸ್ ಕೊಟ್ಟೆವು. ಮನೆ ಚೆನ್ನಾಗಿತ್ತು. ಜಾಗ ಮಾತ್ರ ಇನ್ನೂ ಗದ್ದೆಯ ಪಹಣಿಯಲ್ಲೇ ಇತ್ತು, ಮನೆ ಜಾಗ ಅಂತ ಕನ್ವರ್ಷನ್ ಆಗಿರಲಿಲ್ಲ. ಬ್ಯಾಂಕಿನವರು ಸಾಲ ಕೊಡಲಿಲ್ಲ. ಅಡ್ವಾನ್ಸ್ ವಾಪಸ್ ಬರಲು ಐದು ತಿಂಗಳು ಹಿಡಿಯಿತು, ಅದೂ ಕಂತಿನಲ್ಲಿ. ಅಷ್ಟರಲ್ಲಿ ನೋಂದಣಿ ಶುಲ್ಕವೂ ಏರಿತು. 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. 60 ಲಕ್ಷದ ಮನೆಗೆ ಅದೊಂದರಲ್ಲೇ 60 ಸಾವಿರ ಜಾಸ್ತಿ. ಸ್ಟ್ಯಾಂಪ್ ಡ್ಯೂಟಿ 5% ಬೇರೆ.

ಇವೆಲ್ಲ ಹಣದ ಕಷ್ಟ, ಹೇಗೋ ತೂಗಿಸಬಹುದು. ನಾನು ನಿಜವಾಗಿ ಹೇಳಬೇಕಾದ್ದು ಬೇರೆ.

ಈಗ ಕೊಳ್ಳಲು ಮುಂದೆ ಬಂದಿರುವವರು ಮೇಷ್ಟ್ರು ದಂಪತಿ. ಮನೆಯನ್ನು ಕೆಡವದೆ ಇಲ್ಲೇ ಇರುತ್ತೇವೆ ಅಂದರು. ಅವರ ವಕೀಲರು ಕಾಗದ ಕೇಳಿದರು. ಪಂಚಾಯ್ತಿಯಲ್ಲಿ ಇ-ಸ್ವತ್ತು, ಅಂದರೆ ಆಸ್ತಿಯ ಆನ್‌ಲೈನ್ ದಾಖಲೆ, ಮಾಡಿಸಿ ತರಬೇಕು, ಅದಿಲ್ಲದೆ ರಿಜಿಸ್ಟರ್ ಆಗುವುದಿಲ್ಲ. ಹೋಗಿ ನೋಡಿದರೆ ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ನಾನು ಟ್ರಂಕಿನಿಂದ 1998ರ ಪಾಲುಪಟ್ಟಿ ತೆಗೆದು ಕೊಟ್ಟೆ. ಅಜ್ಜ ತೀರಿಕೊಂಡ ಮೇಲೆ ನಾನೂ ಚಿಕ್ಕಪ್ಪನೂ ಊರ ಹಿರಿಯರನ್ನು ಕೂರಿಸಿಕೊಂಡು ಬರೆದದ್ದು. ವಕೀಲರು ಓದಿ ಮಡಿಸಿ ಮೇಜಿನ ಮೇಲಿಟ್ಟರು. "ಇದು ರಿಜಿಸ್ಟರ್ ಆಗಿಲ್ಲ. ಅದು ಹೋಗಲಿ, ನಿಮಗೆ ಅಕ್ಕ ಇದಾರಲ್ಲ, ಅವರ ಹೆಸರೆಲ್ಲಿ?" ಅಂದರು.

ಹೆಸರು ಇರಲಿಲ್ಲ. ಆ ಹಾಳೆ ನನ್ನ ಕೈಬರಹದ್ದೇ, ಪುಟ್ಟಿ.

ಅವತ್ತು ಎಲ್ಲ ಮುಗಿದ ಮೇಲೆ ಅಡಿಗೆಮನೆ ಬಾಗಿಲಲ್ಲಿ ನಿಂತು ನಿನ್ನ ಅತ್ತೆಗೆ ವಿಷಯ ಹೇಳಿದ್ದೆ. "ನನಗೇನೂ ಬೇಡ ಕಣೋ" ಅಂದಿದ್ದಳು. ನಾನು ಅದನ್ನೇ ಹಿಡಿದುಕೊಂಡು 27 ವರ್ಷ ನೆಮ್ಮದಿಯಾಗಿದ್ದೆ. ಕಾನೂನು ಗೊತ್ತಿರಲಿಲ್ಲ ಅಂತ ಹೇಳಬಹುದು, ಆದರೆ ತಿಳಿದುಕೊಳ್ಳಲು ಹೋಗಲೂ ಇಲ್ಲ. ಅಪ್ಪನ ಪಾಲಿನಲ್ಲಿ ಮಗಳಿಗೂ ಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇತ್ತು. 2005ರಲ್ಲಿ ಅದನ್ನು ತಿದ್ದಿ, ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟರು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಚಿಕ್ಕಪ್ಪ "ಅಕ್ಕನ ಹತ್ರ ಸುಮ್ನೆ ಒಂದು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡ್ ಬಾ" ಅಂದ. ಬಸ್ಸು ಹತ್ತಿ ಸಾಗರಕ್ಕೆ ಹೋದೆ. ಪತ್ರ ಚೀಲದಲ್ಲಿತ್ತು. ಅತ್ತೆ ಕಾಫಿ ಕೊಟ್ಟು, ಕನ್ನಡಕ ಹಾಕಿಕೊಂಡು ಎದುರು ಕೂತು "ಎಲ್ಲಾ ಓದಿ ಹೇಳು" ಅಂದಳು. ಓದಿದೆ. "ನನಗೆ ಯಾವ ಹಕ್ಕೂ ಇರುವುದಿಲ್ಲ" ಅನ್ನುವ ಸಾಲಿಗೆ ಬಂದಾಗ ನನ್ನ ದನಿ ನಿಂತೇಹೋಯಿತು. ಅವಳು ಸಿಟ್ಟು ಮಾಡಲಿಲ್ಲ. "ಆ ವರ್ಷ ಭಾವನಿಗೆ ಕೆಲಸ ಇರಲಿಲ್ಲ. ಮಗಳ ಫೀಸಿಗೆ ನನ್ನ ಬಳೆ ಅಡ ಇಟ್ಟಿದ್ದೆ. ನೀವು ಮೊದಲೇ ಕೇಳಿದ್ದರೆ ಹೇಳ್ತಿದ್ದೆ. ಬರೆದು ಮುಗಿಸಿ ಬಂದು ಕೇಳಿದ್ರಿ. ಏನಂತ ಹೇಳ್ಲಿ?" ಅಂದಳು.

ಆ ಪತ್ರವನ್ನು ಹಾಗೇ ವಾಪಸ್ ತಂದೆ. ಈಗ ಮನೆಯ ಹಣ ಮೂರು ಸಮಪಾಲು, ಅತ್ತೆಗೂ ಒಂದು. ಚಿಕ್ಕಪ್ಪ ಎರಡು ವಾರ ಮಾತು ಬಿಟ್ಟಿದ್ದ, ಆಮೇಲೆ ಒಪ್ಪಿದ. ನಾಡಕಚೇರಿಯಿಂದ ಹೊಸ ವಂಶವೃಕ್ಷ ಬಂದಿದೆ. ಅದರಲ್ಲಿ ಅತ್ತೆಯ ಹೆಸರು ಎಲ್ಲರಿಗಿಂತ ಮೊದಲು ಇದೆ, ಹಿರಿಯವಳಲ್ವಾ.

ನನ್ನ ಪಾಲಿಗೆ ಬರುವುದರಲ್ಲಿ ನೀನೂ ತಮ್ಮನೂ ಹಕ್ಕುದಾರರು. ಹಾಗಿರುವಾಗ ನೀನೂ ಅದೇ ಮಾತು, ಅದೇ ದನಿಯಲ್ಲಿ ಅಂದರೆ ನಾನು ಹೇಗೆ ನಿದ್ದೆ ಮಾಡಲಿ? ನಿನಗೂ ಮನೆ ಸಾಲ ಇದೆ, ಕಂತು ಕಟ್ಟುತ್ತಿದ್ದೀಯ. ಬೇಡ ಅನ್ನುವುದಾದರೆ ಕ್ರಯಪತ್ರವನ್ನು ಪೂರ್ತಿ ಓದಿ, ನಿನ್ನ ಪಾಲು ಎಷ್ಟು ಅಂತ ತಿಳಿದುಕೊಂಡು ಆಮೇಲೆ ಹೇಳು. ಅಲ್ಲಿಯವರೆಗೆ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಎಳ್ಳಮಾವಾಸ್ಯೆ ಜಾತ್ರೆಗೆ ನಾಲ್ಕು ದಿನ ರಜೆ ಹಾಕಿ ಬಾ. ಅತ್ತೆಯೂ ಬರುತ್ತಾಳೆ. ಕ್ರಯಪತ್ರದ ಡ್ರಾಫ್ಟನ್ನು ನಾಳೆ ವಾಟ್ಸಾಪ್ ಮಾಡುತ್ತೇನೆ. ಅರ್ಥವಾಗದ ಸಾಲಿಗೆ ಗೀಟು ಹಾಕಿ ಇಡು, ವಕೀಲರ ಹತ್ತಿರ ಇಬ್ಬರೂ ಹೋಗಿ ಕೇಳೋಣ. ಆಧಾರ್, ಪ್ಯಾನ್ ಒರಿಜಿನಲ್ ತಾ. ನಿನ್ನ ಬ್ಯಾಂಕ್ ಅಕೌಂಟ್ ನಂಬರನ್ನು ಇವತ್ತೇ ಕಳಿಸು, ಪತ್ರದಲ್ಲಿ ಬರೆಸಬೇಕು.

ನಿನ್ನ ಅಪ್ಪ